ಉರಿಯುವ ರೆಕ್ಕೆಯ ಮೇಲೆ

1941ರ ಜುಲೈ 7ರ ರಾತ್ರಿ. ಜರ್ಮನಿಯ ಮ್ಯೂನ್‌ಸ್ಟರ್ ನಗರದ ಮೇಲೆ ಬಾಂಬು ಸುರಿದು ಬಂದ ವೆಲ್ಲಿಂಗ್ಟನ್ ಬಾಂಬರ್ ಒಂದು ಹಾಲೆಂಡಿನ ಜಾಯ್ಡರ್ ಜೀ ನೀರಿನ ಮೇಲೆ 13,000 ಅಡಿ ಎತ್ತರದಲ್ಲಿ ಹಾರುತ್ತಿದೆ. ಒಳಗೆ ಆರು ಜನ. ಮುಂದೆ ಉತ್ತರ ಸಮುದ್ರ, ಅದನ್ನು ದಾಟಿದರೆ ಇಂಗ್ಲೆಂಡ್, ಫೆಲ್ಟ್‌ವೆಲ್ ನೆಲೆಯ ಹಾಸಿಗೆ. ಬದುಕಿದೆವು ಎಂದುಕೊಳ್ಳಬಹುದಾದ ಹೊತ್ತು.

ಅಷ್ಟರಲ್ಲಿ ಹೊಟ್ಟೆಯ ಕೆಳಗಿನಿಂದ ಫಿರಂಗಿ ಗುಂಡುಗಳು ಸಿಡಿದವು!

ಕತ್ತಲಲ್ಲಿ ಹೊಂಚು ಹಾಕಿದ್ದ ಮೆಸ್ಸರ್‌ಸ್ಮಿಟ್ 110 ಯುದ್ಧವಿಮಾನ ಅಡಿಯಿಂದ ಮೇಲೆದ್ದು ಬಂದಿತ್ತು. ಹೈಡ್ರಾಲಿಕ್ ಕೊಳವೆಗಳು ಒಡೆದವು, ಬಾಂಬು ಕೋಣೆಯ ಬಾಗಿಲುಗಳು ತಾವಾಗಿಯೇ ತೆರೆದುಕೊಂಡವು, ರೇಡಿಯೊ ಸತ್ತಿತು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಾಯಿತು. ಬಾಲದ ಗೋಪುರದಲ್ಲಿ ಒಂಟಿಯಾಗಿ ಕೂತಿದ್ದ ಆಲನ್ ಬಾಕ್ಸ್‌ನ ಪಾದಕ್ಕೆ ಪೆಟ್ಟಾಯಿತು. ಆದರೂ ಅವನ ಬಂದೂಕುಗಳು ನಿಲ್ಲಲಿಲ್ಲ. ಹತ್ತಿರಕ್ಕೆ ಬಂದ ವೈರಿಯ ಮೇಲೆ ಆತ ಗುರಿಯಿಟ್ಟು ಗುಂಡು ಸುರಿಸಿದ. ಮೆಸ್ಸರ್‌ಸ್ಮಿಟ್ ಹಿಡಿತ ತಪ್ಪಿ ಕೆಳಕ್ಕೆ ಹೋಯಿತು.

ಒಂದು ಸಾವು ತಪ್ಪಿತು, ಇನ್ನೊಂದು ಆಗಲೇ ಹೊತ್ತಿಕೊಂಡಿತ್ತು. ಬಲರೆಕ್ಕೆಯಲ್ಲಿ ಸೀಳಿದ ಪೆಟ್ರೋಲ್ ಕೊಳವೆಯಿಂದ ಇಂಧನ ಚಿಮ್ಮಿ, ಎಂಜಿನ್ನಿನ ಪಕ್ಕದಲ್ಲೇ ಬೆಂಕಿ ಭುಗಿಲೆದ್ದಿತ್ತು.

ಈ ಬೆಂಕಿ ಎಂಥದೆಂದು ತಿಳಿಯಬೇಕಾದರೆ ವೆಲ್ಲಿಂಗ್ಟನ್ನಿನ ಮೈಕಟ್ಟು ತಿಳಿದಿರಬೇಕು. ಎಂಜಿನಿಯರ್ ಬಾರ್ನ್ಸ್ ವಾಲಿಸ್ ಇದರ ಅಸ್ಥಿಪಂಜರವನ್ನು ಹಗುರ ಲೋಹದ ಪಟ್ಟಿಗಳಿಂದ ಬಿದಿರಿನ ಬುಟ್ಟಿಯಂತೆ ಅಡ್ಡಡ್ಡ ಹೆಣೆದಿದ್ದರು. ನಾಲ್ಕಾರು ಪಟ್ಟಿ ತುಂಡಾದರೂ ಉಳಿದವು ಭಾರ ಹೊರುತ್ತಿದ್ದವು. ಮೈತುಂಬ ತೂತು ಬಿದ್ದ ವೆಲ್ಲಿಂಗ್ಟನ್‌ಗಳು ಮರಳಿ ನೆಲೆ ಸೇರುತ್ತಿದ್ದುದು ಈ ಹೆಣಿಗೆಯ ಬಲದಿಂದ. ಆದರೆ ಹೆಣಿಗೆಯ ಮೇಲೆ ಹೊದೆಸಿದ್ದು ಬಟ್ಟೆ! ಬೆಂಕಿ ಬಟ್ಟೆಯುದ್ದಕ್ಕೂ ಹಬ್ಬಿದರೆ ರೆಕ್ಕೆಯೇ ಉಳಿಯುವುದಿಲ್ಲ.

ವಿಮಾನದ ನಾಯಕ, ಕೆನಡಾದ ರೂಬೆನ್ ವಿಡೋಸನ್, ಪ್ಯಾರಾಚೂಟ್ ತೊಟ್ಟು ಸಿದ್ಧರಾಗಿ ಎಂದು ಆಜ್ಞೆ ಕೊಟ್ಟ. ಜೊತೆಗೇ ಬೆಂಕಿ ಆರಿಸಲು ಸಾಧ್ಯವೇ ನೋಡಿ ಎಂದ. ಹುಡುಗರು ವಿಮಾನದ ಹೊದಿಕೆ ಬಟ್ಟೆಯನ್ನು ಹರಿದು ಕಂಡಿ ಮಾಡಿ ಅಗ್ನಿಶಾಮಕವನ್ನು ಸುರಿದರು. ಅದು ಮುಗಿದಾಗ ಫ್ಲಾಸ್ಕಿನಲ್ಲಿದ್ದ ಕಾಫಿಯನ್ನೂ ಎರಚಿದರು. ಎಲ್ಲವನ್ನೂ ಗಾಳಿ ಹೊತ್ತೊಯ್ದಿತು. ಬೆಂಕಿ ಕದಲಲಿಲ್ಲ.

ಆಗ ಎದ್ದವನು ಸಹಪೈಲಟ್ ಸಾರ್ಜೆಂಟ್ ಜೇಮ್ಸ್ ಆಲೆನ್ ವಾರ್ಡ್. ನ್ಯೂಜಿಲೆಂಡಿನ ವಾಂಗನೂಯಿ ಊರಿನ ಶಾಲಾ ಮೇಷ್ಟ್ರು, ವಯಸ್ಸು 22. ವಿಮಾನದಲ್ಲಿ ಮೆತ್ತೆಯಾಗಿ ಬಿದ್ದಿದ್ದ ದಪ್ಪ ಕ್ಯಾನ್ವಾಸ್ ಹೊದಿಕೆಯನ್ನು ತೋರಿಸಿ, ಇದನ್ನು ಹಿಡಿದು ರೆಕ್ಕೆಯ ಮೇಲೆ ಹೋಗಿ ಬೆಂಕಿಯನ್ನು ಅದುಮುತ್ತೇನೆ ಎಂದ. ಗಾಳಿಗೆ ಅಡ್ಡವಾಗುತ್ತದೆಂದು ಪ್ಯಾರಾಚೂಟನ್ನೂ ಬೇಡವೆಂದ. ಗೆಳೆಯರು ಬಿಡದೆ ತೊಡಿಸಿದರು. ರಬ್ಬರ್ ದೋಣಿಯ ಹಗ್ಗವನ್ನು ಅವನ ಸೊಂಟಕ್ಕೆ ಬಿಗಿದರು. ಇನ್ನೊಂದು ತುದಿ ನ್ಯಾವಿಗೇಟರ್ ಲಾಟನ್ನನ ಕೈಯಲ್ಲಿ.

ವಿಡೋಸನ್ ವೇಗ ತಗ್ಗಿಸಿದ. ನಕ್ಷತ್ರ ನೋಡುವ ಪಾರದರ್ಶಕ ಗುಮ್ಮಟ ಕಳಚಿದ ಕಿಂಡಿಯಿಂದ ವಾರ್ಡ್ ಹೊರಗೆ ತೂರಿದ.

ಹೊರಗೆ ಹಿಡಿಯಲು ಏನಿದೆ? ಏನೂ ಇಲ್ಲ! ವಾರ್ಡ್ ಬೂಟುಗಾಲಿನಿಂದ ಬಟ್ಟೆಯನ್ನು ಒದ್ದು ತೂತು ಮಾಡಿದ. ಒಳಗಿನ ಲೋಹದ ಹೆಣಿಗೆಗೆ ಕಾಲು ಸಿಕ್ಕಿತು. ಮತ್ತೊಂದು ಒದೆ, ಮತ್ತೊಂದು ತೂತು, ಅಲ್ಲಿ ಕೈ. ಬೆಂಕಿಗೆ ಆಹಾರವಾಗಿದ್ದ ಬಟ್ಟೆ ಈಗ ಅವನಿಗೆ ಮೆಟ್ಟಿಲಾಯಿತು. ಹಾಗೆ ಮೂರಡಿ ಕೆಳಗಿಳಿದು ರೆಕ್ಕೆ ಸೇರಿದ, ಅಲ್ಲಿಂದ ಎಂಜಿನ್ನಿನ ಹಿಂದಕ್ಕೆ ಇನ್ನೂ ಮೂರಡಿ ತೆವಳಿದ. ಪ್ರೊಪೆಲ್ಲರಿನ ಗಾಳಿ ಮೈಯನ್ನು ಎತ್ತಿ ಒಗೆಯಲು ನೋಡುತ್ತಿತ್ತು. ಕೈ ಜಾರಿದರೆ ಉಳಿದದ್ದು ಒಂದು ಹಗ್ಗ, ಹಗ್ಗದ ತುದಿಯಲ್ಲಿ ಒಬ್ಬ ಗೆಳೆಯ.

ರೆಕ್ಕೆಗೆ ಬೋರಲಾಗಿ ಅಂಟಿಕೊಂಡು ಒಂದೇ ಕೈಯಲ್ಲಿ ಕ್ಯಾನ್ವಾಸನ್ನು ಬಟ್ಟೆಯ ಉರಿಯ ಮೇಲೆ ಒತ್ತಿದ. ಉರಿ ಅಡಗಿತು. ಸೋರುವ ಕೊಳವೆಯ ಕಂಡಿಗೆ ಅದನ್ನು ತುರುಕಿದ. ಕೈ ತೆಗೆದ ಕ್ಷಣವೇ ಗಾಳಿ ಅದನ್ನು ಹೊರಕ್ಕೆಳೆಯಿತು. ಮತ್ತೆ ತುರುಕಿದ. ಈ ಬಾರಿ ಗಾಳಿ ಕ್ಯಾನ್ವಾಸನ್ನು ಕಿತ್ತುಕೊಂಡೇ ಹೋಯಿತು.

ಕೈ ಬರಿದು, ಮೈಯಲ್ಲಿ ಕಸುವಿಲ್ಲ. ಬಂದ ದಾರಿಯಲ್ಲೇ ಹಿಂದೆ ತೆವಳಬೇಕು! ಲಾಟನ್ ಹಗ್ಗ ಸಡಿಲಬಿಡದೆ ಹಿಡಿದಿದ್ದ. ಇಂಚಿಂಚಾಗಿ ಕಿಂಡಿ ತಲುಪಿದ ವಾರ್ಡನನ್ನು ಅವನೇ ಒಳಗೆಳೆದುಕೊಂಡ.

ಕೊಳವೆಯ ಬಳಿ ಬೆಂಕಿ ಇನ್ನೂ ಇತ್ತು, ಆದರೆ ಹಬ್ಬಲು ಸುತ್ತ ಬಟ್ಟೆ ಉಳಿದಿರಲಿಲ್ಲ. ಇಂಗ್ಲೆಂಡ್ ಹತ್ತಿರವಾದಾಗ ರೆಕ್ಕೆಯಲ್ಲಿ ತುಂಬಿದ್ದ ಪೆಟ್ರೋಲ್ ಒಮ್ಮೆ ಭಗ್ಗೆಂದು ಹೊತ್ತಿ, ಎಲ್ಲರ ಜೀವ ಬಾಯಿಗೆ ತಂದು, ತಾನಾಗಿಯೇ ಆರಿತು. ಬ್ರೇಕ್ ಇಲ್ಲ, ಫ್ಲ್ಯಾಪ್ ಇಲ್ಲ. ವಿಡೋಸನ್ ನ್ಯೂಮಾರ್ಕೆಟ್ ನೆಲೆಯಲ್ಲಿ ವಿಮಾನವನ್ನು ನೆಲಕ್ಕೆ ತಂದ. ಅದು ಓಡುತ್ತಲೇ ಹೋಗಿ ಮುಳ್ಳುತಂತಿ ಬೇಲಿಗೆ ನುಗ್ಗಿ ನಿಂತಿತು. ಆರೂ ಜನ ಬದುಕಿದ್ದರು. ವಿಮಾನ ಮತ್ತೆ ಹಾರಲಿಲ್ಲ.

ವಾರ್ಡನಿಗೆ ವಿಕ್ಟೋರಿಯಾ ಕ್ರಾಸ್ ಶೌರ್ಯಪದಕ ಘೋಷಣೆಯಾಯಿತು. ಅದಕ್ಕೆ ಆತ ಸಂಪೂರ್ಣ ಅರ್ಹ. ಆದರೆ ಗಾಯಗೊಂಡೂ ಗುಂಡು ಹಾರಿಸಿದ ಬಾಕ್ಸ್, ಉರಿಯುವ ವಿಮಾನವನ್ನು ಅಲುಗದಂತೆ ಹಿಡಿದ ವಿಡೋಸನ್, ಹಗ್ಗ ಬಿಡದ ಲಾಟನ್, ಇವರಲ್ಲಿ ಒಬ್ಬ ಇಲ್ಲದಿದ್ದರೂ ಆರೂ ಜನ ಸಮುದ್ರದ ಪಾಲಾಗುತ್ತಿದ್ದರು. ಬಾಂಬರಿನಲ್ಲಿ ಶೌರ್ಯವೆಂಬುದು ಇಡೀ ತಂಡದ ಗಳಿಕೆ. ಮುಂದೆ ವಾರ್ಡ್ ತನ್ನದೇ ತಂಡದ ನಾಯಕನಾದ. ಅದೇ ವರ್ಷದ ಸೆಪ್ಟೆಂಬರ್ 15ರ ರಾತ್ರಿ ಹ್ಯಾಂಬರ್ಗ್ ದಾಳಿಗೆ ಹೋದವನು ಮರಳಲಿಲ್ಲ. ಅವನ ಸಮಾಧಿ ಅದೇ ನಗರದಲ್ಲಿದೆ.

ಬಾಂಬುಗಳು ಬಿದ್ದ ನಗರಗಳಲ್ಲಿ ಸತ್ತ ಸಾಮಾನ್ಯರನ್ನು ಮರೆತು ಈ ಕಥೆ ಹೇಳುವುದು ಅನ್ಯಾಯ. ಹಾಗೆಯೇ ಆ ವಿಮಾನಗಳನ್ನೇರಿದ ಹುಡುಗರು ತೆತ್ತ ಬೆಲೆಯನ್ನು ಮರೆಯುವುದೂ ಅನ್ಯಾಯ. ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಹಾರಿದವರು ಸುಮಾರು 1,25,000 ಮಂದಿ. ಅವರಲ್ಲಿ 55,573 ಜನ ಪ್ರಾಣ ಕಳೆದುಕೊಂಡರು.