ಗೋಲ್ಡನ್‌ಡಿಕ್ಟ್ ಹೋಯ್ತು, ಪದಗಳು ಉಳಿದ್ವು

ಅಣಶಿಯ ಲ್ಯಾಪ್‌ಟಾಪ್ ಕಥೆಗಳು – 4

ನಿಮಗೆಲ್ಲ ಅಣಶಿ ಅಂದ್ರೆ ಘಾಟಿ, ಮಂಜು, ರೀಲ್ಸ್. ಇಲ್ಲೇ ಇರೋ ನಮಗೆ ಅಣಶಿ ಅಂದ್ರೆ ಮಳೆ ಶುರುವಾದ ಕೂಡಲೇ ಮಾಯವಾಗೋ ಸಿಗ್ನಲ್ ಕೂಡ. ಮನೇಲಿ ಕೊಂಕಣಿ, ಶಾಲೇಲಿ ಕನ್ನಡ, ಈಗ ಪುಸ್ತಕವೆಲ್ಲ ಇಂಗ್ಲಿಷ್. ನನ್ನಂಥವರಿಗೆ ನಿಘಂಟು ನೆಟ್ ಇಲ್ಲದೇನೂ ತೆರೀಬೇಕು.

ಅದಕ್ಕೇ ಲ್ಯಾಪ್‌ಟಾಪಲ್ಲಿ ಗೋಲ್ಡನ್‌ಡಿಕ್ಟ್ ಇಟ್ಕೊಂಡಿದ್ದೆ. ಓಪನ್ ಸೋರ್ಸ್, ದುಡ್ಡಿಲ್ಲ. ಪದ ಸೆಲೆಕ್ಟ್ ಮಾಡಿ, ಕಂಟ್ರೋಲ್ ಹಿಡಿದು ಸಿ ಎರಡು ಸಲ ಒತ್ತಿದ್ರೆ ಪುಟ್ಟ ಕಿಟಕೀಲಿ ಅರ್ಥ ಬರುತ್ತೆ. ಹಳಗನ್ನಡ ಪಾಠದ ‘ಎಲರ್’ ಅಂದ್ರೆ ಗಾಳಿ ಅಂತ ತಿಳಿದದ್ದು ಹಾಗೇ.

ಆದರೆ ಅದನ್ನ ನೋಡಿಕೊಳ್ಳೋರು ಕಮ್ಮಿಯಾಗ್ತಾ ಬಂದ್ರು. ಅರ್ಥ ತೋರಿಸೋ ಆ ಕಿಟಕಿ ಒಳಗೆ ಒಂದು ಸಣ್ಣ ಬ್ರೌಸರ್ ಇದೆ, ಹೆಸರು ಕ್ಯೂಟಿ ವೆಬ್‌ಕಿಟ್. 2016ರಲ್ಲಿ ಬಂದ ಕ್ಯೂಟಿ 5.6ರಿಂದ ಅದನ್ನ ಕೈಬಿಟ್ಟರು. ತಳಪಾಯನೇ ತೆಗೆದ ಮೇಲೆ ಮನೆ ಎಷ್ಟು ದಿನ ನಿಲ್ಲುತ್ತೆ, ನೀವೇ ಹೇಳಿ. ಹೊಸ ಲಿನಕ್ಸ್ ಹಾಕಿದಾಗ ಹಳೇದನ್ನ ಕೂರಿಸೋದೇ ಸಾಹಸ.

ಈಗ ಅದರ ಜಾಗಕ್ಕೆ ಬಂದಿರೋದು ಗೋಲ್ಡನ್‌ಡಿಕ್ಟ್-ಎನ್‌ಜಿ. ಹಳೇ ಕೋಡನ್ನೇ ತಗೊಂಡು ಕ್ಯೂಟಿ 6ಕ್ಕೆ, ವೆಬ್‌ಎಂಜಿನ್‌ಗೆ ಹೊಂದಿಸಿದ್ದಾರೆ. ಎಲ್ಲಾ ಚೆಂದ ಅಂತ ಹೇಳಲ್ಲ. ವೆಬ್‌ಎಂಜಿನ್ ಅಂದ್ರೆ ಒಳಗೆ ಕ್ರೋಮಿಯಂ, 4 ಜಿಬಿ ರ‍್ಯಾಮ್ ಇದ್ರೆ ಉಸಿರು ಬಿಡುತ್ತೆ. ವೇಲ್ಯಾಂಡ್ ಇರೋ ಲಿನಕ್ಸಲ್ಲಿ ಆ ಕಂಟ್ರೋಲ್-ಸಿ-ಸಿ ಕೈಕೊಡಬಹುದು. ಆದ್ರೂ ಬದಲಾಯಿಸಿ.

ಯಾಕಂದ್ರೆ ಭಯಪಡೋ ವಿಷಯ ಆ್ಯಪ್ ಅಲ್ಲವೇ ಅಲ್ಲ, ಪದಗಳು. ನನ್ನ ಹತ್ತಿರ ಇರೋದು ‘ಅಲರ್’: ವಿ. ಕೃಷ್ಣ ಅವರು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ! 2019ರಲ್ಲಿ ಮುಕ್ತ ಲೈಸೆನ್ಸಲ್ಲಿ ಎಲ್ಲರಿಗೂ ಸಿಕ್ತು. (ಅಲರ್ ಅಂದ್ರೆ ಹೂವು. ಅರಳೋದು ಅಂತಾನೂ ಅರ್ಥ.) ಒಬ್ಬ ಮನುಷ್ಯನ ಇಡೀ ಆಯುಷ್ಯದ ಕೆಲಸ ಒಂದು ಆ್ಯಪ್ ಜೊತೆ ಮುಳುಗಿದ್ರೆ?

ಮುಳುಗಲಿಲ್ಲ. ಅದು ಸ್ಟಾರ್‌ಡಿಕ್ಟ್ ರೂಪದ ಫೈಲುಗಳಲ್ಲಿದೆ, ಯಾರು ಬೇಕಾದ್ರೂ ಓದಬಹುದಾದ ರೂಪ ಅದು. ಹಳೇ ಡಿಟಿಪಿ ಫೈಲು ನೋಡಿದ್ದೀರಲ್ಲ? ಆ ಫಾಂಟ್ ಇಲ್ಲದಿದ್ರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಇಲ್ಲಿ ಆ ತಾಪತ್ರಯ ಇಲ್ಲ. ಹೊಸ ಆ್ಯಪಲ್ಲಿ ಎಡಿಟ್, ಡಿಕ್ಷನರೀಸ್, ಸೋರ್ಸಸ್ ಅಂತ ಹೋಗಿ ಫೋಲ್ಡರ್ ತೋರಿಸಿ, ರೀಸ್ಕ್ಯಾನ್ ಒತ್ತಿ. ಇಂಡೆಕ್ಸ್ ಆಗೋವರೆಗೆ ಚಾ ಕುಡೀರಿ. ಅಷ್ಟೇ, ಎಲರ್ ಮತ್ತೆ ಗಾಳಿ.

ಹಂಚೋದಕ್ಕೆ ಲೈಸೆನ್ಸೇ ಒಪ್ಪಿಗೆ ಕೊಟ್ಟಿದೆ, ಕೃಷ್ಣ ಅವರ ಹೆಸರು ಮಾತ್ರ ಬಿಡಬೇಡಿ. ಜೋಯಿಡಾ, ದಾಂಡೇಲಿ ಕಡೆಯವರು ಸೋಮವಾರ ಪೆನ್‌ಡ್ರೈವ್ ತನ್ನಿ, ಫೈಲು ನಾನು ತರ್ತೀನಿ. ಮಳೆ ಜೋರಾಗೋ ಮುಂಚೆ ಹಾಕ್ಕೊಳ್ಳಿ.

#ಅಣಶಿ #ಅಲರ್ #ಕನ್ನಡನಿಘಂಟು #ಓಪನ್‌ಸೋರ್ಸ್