ಇಬ್ಬರಿಗೂ ಕೂಡಿ ಒಂದ ಅಂಕ

ಅಕ್ಕಾರ, ತಂಗ್ಯಾರ, ಈ ಸಲ ಅಡಗಿ, ಹಪ್ಪಳ-ಶಂಡಗಿ ಎಲ್ಲಾ ಬಿಟ್ಟು ಐಸ್ ಡಾನ್ಸ್ ಬಗ್ಗೆ ಬರೀತೀನಿ. ನಗಬ್ಯಾಡ್ರಿ. ಕಾಲಿಗೆ ಕಬ್ಬಿಣದ ಅಲಗು ಇರೂ ಬೂಟು ಹಾಕ್ಕೊಂಡು, ಬರ್ಫದ ಮ್ಯಾಲೆ ಒಬ್ಬ ಗಂಡಸು ಒಬ್ಬಾಕಿ ಹೆಂಗಸು ಜೋಡಿಲೆ ಕುಣಿಯೂ ಆಟ ಅದು. ಬರೂ ಫೆಬ್ರುವರಿ 6ಕ್ಕ ಇಟಲಿ ದೇಶದ ಮಿಲಾನ್ ಕಡೆ ಚಳಿಗಾಲದ ಒಲಿಂಪಿಕ್ಸ್ ಸುರು ಆಗತಾವ. ಅದರಾಗ 9ನೇ ತಾರೀಖು ಮತ್ತ 11ನೇ ತಾರೀಖು ಈ ಜೋಡಿ ಕುಣಿತ ಐತಿ. ನಮ್ಮ ಮಗಳು ಕೆನಡಾದಾಗ ಇರತಾಳ, ಆಕಿ ಕಳಸೂ ವಿಡಿಯೋ ನೋಡಿ ನೋಡಿ ನನಗೂ ರುಚಿ ಹತ್ತೇತಿ. ನಮ್ಮ ಓಣ್ಯಾಗ ಯಾರಿಗೆ ತೋರಿಸಿದ್ರೂ ಮೊದಲನೇ ಪ್ರಶ್ನಿ ಒಂದ: "ಇವರು ಗಂಡ-ಹೆಂಡ್ತಿ ಏನವಾ?"

ಆ ಪ್ರಶ್ನಿಗೆ ಉತ್ತರ ಭಾಳ ಚಂದ ಐತಿ. ಕೆಲವರು ಹೌದು, ಕೆಲವರು ಅಲ್ಲ. ಇಂಗ್ಲೆಂಡಿನ ಜೇನ್ ಟೋರ್ವಿಲ್ ಮತ್ತ ಕ್ರಿಸ್ಟೋಫರ್ ಡೀನ್ ಅಂತ ಇದ್ರು. ಆಕಿ ವಿಮಾ ಕಚೇರ್ಯಾಗ ಗುಮಾಸ್ತಿ, ಆತ ಪೊಲೀಸ. 1984ರಾಗ ಸರಾಯೆವೊ ಒಲಿಂಪಿಕ್ಸಿನ್ಯಾಗ ಇವರು ಕುಣಿದ್ರ, ಕಲಾತ್ಮಕತೆಗೆ ಒಂಬತ್ತೂ ಮಂದಿ ತೀರ್ಪುಗಾರರು ಪೂರಾ 6ಕ್ಕ 6 ಅಂಕ ಕೊಟ್ರು. ಇಬ್ಬರೂ ಬ್ಯಾರೆ ಬ್ಯಾರೆಯವರನ್ನ ಮದವಿ ಆದ್ರು. ಕೆನಡಾದ ಟೆಸ್ಸಾ ವರ್ಚು ಮತ್ತ ಸ್ಕಾಟ್ ಮೊಯಿರ್ ಇನ್ನೂ ಸಣ್ಣ ಹುಡುಗರಿದ್ದಾಗ, ಆಕಿಗೆ 7, ಆತಗ 9 ವರ್ಷ, ಮೊಯಿರನ ಸೋದರತ್ತಿನ ಇಬ್ಬರನ್ನ ಜೋಡಿ ಮಾಡಿದ್ಳಂತ. 2010 ಮತ್ತ 2018ರಾಗ ಬಂಗಾರ ಗೆದ್ರು. ಜಗತ್ತೆಲ್ಲಾ ಇವರ ಮದವಿ ಯಾವಾಗ ಅಂತ ಕೇಳತಿತ್ತು. ಅವರು ಗೆಳ್ಯಾರಾಗೇ ಉಳದ್ರು. ಅಮೆರಿಕಾದ ಮಾಯಾ ಮತ್ತ ಅಲೆಕ್ಸ್ ಶಿಬುಟಾನಿ ಅಂತೂ ಖಾಸ ಅಣ್ಣ-ತಂಗಿ, 2018ರಾಗ ಕಂಚು ತಂದ್ರು. ಅಂದ್ರ ಜೋಡಿ ಅನ್ನೂದು ಸಂಬಂಧ ಅಲ್ಲ ನೋಡ್ರಿ, ಕೆಲಸ.

ಈ ಕೆಲಸದಾಗ ನಾವು ನೋಡಬೇಕಾದ್ದು ಏನು? ಜಿಗಿದು ಮೂರು ನಾಕು ಸುತ್ತು ತಿರುಗೂದು ಇದರಾಗ ಇಲ್ಲ, ಹುಡುಗಿನ್ನ ಗಾಳ್ಯಾಗ ಒಗಿಯೂದೂ ಇಲ್ಲ. ಅದು ಬ್ಯಾರೆ ಆಟ. ಇಲ್ಲಿ ಎಲ್ಲಾ ಪಾದದಾಗ ಐತಿ. ಒಂದ ಕಾಲಿನ ಮ್ಯಾಲೆ ತಿರುಗಿಕೋತ ಮುಂದ ಮುಂದ ಹೋಗೂದಕ್ಕ ಟ್ವಿಜಲ್ ಅಂತಾರ. ಇಬ್ಬರೂ ಬಾಜೂಕ ಬಾಜೂಕ, ಒಂದ ವ್ಯಾಳ್ಯಾಕ್ಕ ತಿರುಗಬೇಕು. ಒಬ್ಬರು ಅರ್ಧ ಸುತ್ತು ಹಿಂದ ಬಿದ್ರೂ ಕಣ್ಣಿಗೆ ಹೊಡಿತೈತಿ. ಇಬ್ಬರ ನಡುವಿನ ಅಂತರ ಹೆಚ್ಚಾದಷ್ಟು ಕುಣಿತ ಸಪ್ಪಗ ಆಗತೈತಿ.

ನನಗ ಇದನ್ನ ನೋಡಿದಾಗೆಲ್ಲಾ ಕೂರಿಗಿ ಬಿತ್ತಿಗಿ ನೆನಪ ಆಗತೈತಿ. ನಮ್ಮ ಎರಿ ಹೊಲದಾಗ ಗಂಡಸು ಎತ್ತು ಹೊಡಕೋತ ಮುಂದ ಹೊಂಟ್ರ, ಹೆಂಗಸು ಉಡ್ಯಾಗ ಬೀಜ ಕಟಗೊಂಡು ಬಟ್ಟಲಕ್ಕ ಕಾಳು ಬಿಟ್ಕೋತ ನಡೀಬೇಕು. ಆತ ಜೋರ ನಡದ್ರ ಕಾಳು ತೆಳ್ಳಗ ಬೀಳತಾವ, ಆಕಿ ಕೈ ತಡದ್ರ ಸಾಲಿನ್ಯಾಗ ಖಾಲಿ ಬೀಳತೈತಿ. ಎಂಟ ದಿನಕ್ಕ ಮೊಳಕಿ ಎದ್ದ ಮ್ಯಾಲೆ ರಸ್ತಾದಾಗ ಹೋಗಾವ್ರೆಲ್ಲಾ ನೋಡಿ ಹೇಳತಾರ, ಯಾರ ಬಿತ್ತಿಗಿ ಹೆಂಗೈತಿ ಅಂತ. ಬರ್ಫದ ಮ್ಯಾಲೂ ಹಂಗ, ಅಲಗಿನ ಗೆರಿ ಉಳೀತಾವ.

ಇವರ ಆಟಕ್ಕೂ ನಮ್ಮ ಒಕ್ಕಲತನದ ಹಂಗ ಒಂದು ಸಾಲು ಐತಿ. ಜುಲೈ 1ಕ್ಕ ಸುರು, ಮುಂದಿನ ಜೂನ್ 30ಕ್ಕ ಮುಗೀತು. ಮುಂಗಾರಿನ್ಯಾಗ ಹೊಸಾ ಕುಣಿತ ಕಟ್ಟತಾರ. ಅಕ್ಟೋಬರ್-ನವೆಂಬರದಾಗ ಫ್ರಾನ್ಸ್, ಚೀನಾ, ಕೆನಡಾ, ಜಪಾನ್, ಅಮೆರಿಕಾ, ಫಿನ್‌ಲೆಂಡ್ ಹಿಂಗ ಆರು ಊರಾಗ ಗ್ರಾನ್ ಪ್ರೀ ಸ್ಪರ್ಧೆ. ಅದರಾಗ ಮ್ಯಾಲಿನ ಆರು ಜೋಡಿ ಡಿಸೆಂಬರದಾಗ ಫೈನಲ್ ಆಡತಾವ. ಮಾರ್ಚಿನ್ಯಾಗ ವಿಶ್ವ ಸ್ಪರ್ಧೆ. ನಾಕು ವರ್ಷಕ್ಕೊಮ್ಮೆ ನಡುವ ಫೆಬ್ರುವರ್ಯಾಗ ಒಲಿಂಪಿಕ್ಸ್ ಬರತೈತಿ. ಅಲ್ಲಿಗೆ 23 ಜೋಡಿಗಷ್ಟ ಜಾಗ. ಎರಡು ಕುಣಿತ ಇರತಾವ. ಮೊದಲನೇದು ರಿದಮ್ ಡಾನ್ಸ್, ಸುಮಾರು ಮೂರು ನಿಮಿಷದ್ದು. ಅದಕ್ಕ ಈ ವರ್ಷ 1990ರ ದಶಕದ ಹಾಡು ಬೇಕು ಅಂತ ನೇಮ. ಅದರಾಗ ಮುಂದಿದ್ದ 20 ಜೋಡಿ ಎರಡನೇದಾದ ಫ್ರೀ ಡಾನ್ಸ್ ಆಡತಾರ, ಅದು ನಾಕು ನಿಮಿಷದ್ದು. ಇಷ್ಟ ಹೊತ್ತಿಗೆ ಒಂದು ವರ್ಷದ ದುಡಿಮಿ.

ಈ ಸಲ ಯಾರು ಗೆಲ್ಲಬಹುದು? ನನ್ನ ಲೆಕ್ಕದಾಗ ಎರಡು ಜೋಡಿ ಮುಂದ ಅದಾವ, ಎರಡೂ ಒಂದಕ್ಕೊಂದು ಪೂರಾ ಬ್ಯಾರೆ.

ಮೊದಲನೇದು ಅಮೆರಿಕಾದ ಮ್ಯಾಡಿಸನ್ ಚಾಕ್ ಮತ್ತ ಇವಾನ್ ಬೇಟ್ಸ್. 2011ರಿಂದ ಕೂಡಿ ಆಡತಾರ. 2014ರ ಒಲಿಂಪಿಕ್ಸಿನ್ಯಾಗ ಎಂಟನೇ ಜಾಗ. 2018ರಾಗ ಫ್ರೀ ಡಾನ್ಸ್ ನಡುವ ಇಬ್ಬರ ಅಲಗು ಒಂದಕ್ಕೊಂದು ಸಿಕ್ಕು ಇಬ್ಬರೂ ಬಿದ್ರು, ಒಂಬತ್ತನೇ ಜಾಗಕ್ಕ ಇಳದ್ರು. 2022ರಾಗ ನಾಲ್ಕನೇದು. ಅಮೆರಿಕಾ ತಂಡಕ್ಕ ಬಂದ ಬಂಗಾರದಾಗ ಇವರ ಪಾಲೂ ಇತ್ತು, ಆದ್ರ ರಷ್ಯಾದ ಹುಡುಗಿಯ ಔಷಧ ಪರೀಕ್ಷಾದ ತಂಟೆಯಿಂದ ಆ ಪದಕ ಕೈಗೆ ಬರೂದ್ರಾಗ 2024ರ ಆಗಸ್ಟ್ ಆತು. ಆ ವರ್ಷದ ಜೂನಿನ್ಯಾಗ ಇಬ್ಬರೂ ಮದವಿ ಆದ್ರು. 2023, 2024, 2025 ಮೂರೂ ವರ್ಷ ವಿಶ್ವ ಸ್ಪರ್ಧೆ ಗೆದ್ರು. ಮೊನ್ನೆ ಡಿಸೆಂಬರದಾಗ ಜಪಾನಿನ ನಗೋಯಾ ಫೈನಲ್ಲೂ ಇವರದ. ಆಕಿಗೆ 33, ಆತಗ 36. ಈ ಆಟದಾಗ ಇದು ಹಿರಿಯರ ವಯಸ್ಸು. ಇಷ್ಟ ವರ್ಷ ಜೋಡಿ ಮುರೀಲಿಲ್ಲ ಅನ್ನೂದ ಅವರ ಬಂಡವಾಳ.

ಎರಡನೇದು ಫ್ರಾನ್ಸಿನ ಲೊರಾನ್ಸ್ ಫೂರ್ನಿಯೇ ಬೋದ್ರಿ ಮತ್ತ ಗಿಯೋಮ್ ಸಿಜೆರೋನ್. ಇದು ಹೋದ ವರ್ಷ ಕೂಡಿದ ಹೊಸಾ ಜೋಡಿ. ಸಿಜೆರೋನ್ ಮೊದಲು ಗಾಬ್ರಿಯೆಲಾ ಪಪದಾಕಿಸ್ ಅನ್ನಾಕಿ ಜೋಡಿ ಸಣ್ಣಂದಿನಿಂದ ಆಡಿ 2022ರಾಗ ಬಂಗಾರ ಗೆದ್ದಾವ. ಆ ಜೋಡಿ 2024ರ ಡಿಸೆಂಬರದಾಗ ಆಟ ಬಿಟ್ಟಿತು. ಈಗ ಹೊಸಬಾಕಿ ಸಂಗಡ ಒಂದ ವರ್ಷದಾಗ ಮ್ಯಾಲೆ ಬಂದಾನ. ಆತನ ಪಾದ ನೋಡಿದ್ರ ಬೆಣ್ಯಾಗ ಚಾಕು ಹೋದಂಗ, ಸಪ್ಪಳನ ಇಲ್ಲ. ಹದಿನೈದು ವರ್ಷದ ಸಂಸಾರ ಹೆಚ್ಚೋ, ಒಂದು ವರ್ಷದಾಗ ಹದಕ್ಕ ಬಂದ ಕೈ ಹೆಚ್ಚೋ, ಅದ ಈ ಸಲದ ಪ್ರಶ್ನಿ. ಪಾದಕ್ಕ ಅಷ್ಟ ಅಂಕ ಕೊಟ್ರ ಫ್ರಾನ್ಸು. ನನ್ನ ಮನಸ್ಸು ಮಾತ್ರ ಚಾಕ್-ಬೇಟ್ಸ್ ಕಡೆ ಐತಿ. ಎಂಟನೇದು, ಒಂಬತ್ತನೇದು, ನಾಲ್ಕನೇದು ಆದ ಮ್ಯಾಲೂ ಮತ್ತ ಬೂಟು ಕಟ್ಟಿದವರು ಅವರು.

ಇವರ ಹಿಂದ ಕಂಚಿಗೆ ಜಗ್ಗಾಟ ಐತಿ. ಬ್ರಿಟನ್ನಿನ ಲೈಲಾ ಫಿಯರ್ ಮತ್ತ ಲೂಯಿಸ್ ಗಿಬ್ಸನ್ ಹೋದ ವರ್ಷ ಬೋಸ್ಟನ್ನಿನ್ಯಾಗ ವಿಶ್ವ ಕಂಚು ಗೆದ್ರು, ಆ ದೇಶಕ್ಕ 41 ವರ್ಷದ ಮ್ಯಾಲೆ ಬಂದ ಪದಕ. ಇಟಲಿಯ ಶಾರ್ಲೀನ್ ಗಿನ್ಯಾರ್ ಮತ್ತ ಮಾರ್ಕೊ ಫಾಬ್ರಿಗೆ ಇದು ಮನಿ ಅಂಗಳದ ಆಟ. ಕೆನಡಾದ ಪೈಪರ್ ಗಿಲ್ಸ್ ಮತ್ತ ಪಾಲ್ ಪೊಯಿರಿಯೇ ಎರಡು ವರ್ಷ ವಿಶ್ವ ಬೆಳ್ಳಿ ತಂದವರು.

ಈ ಪೈಪರ್ ಬಗ್ಗೆ ಸ್ವಲ್ಪ ಹೆಚ್ಚ ಹೇಳಬೇಕು. 2022ರ ಡಿಸೆಂಬರದಾಗ ಫೈನಲ್ ಗೆದ್ಳು. ಅದಾದ ಕೂಡ್ಲೆ ಶಸ್ತ್ರಚಿಕಿತ್ಸಾ ಆತು, ಒಂದು ಅಂಡಾಶಯ ತಗದ್ರು. ಜನವರಿ-ಫೆಬ್ರುವರಿ ಸ್ಪರ್ಧೆ ಬಿಟ್ಲು. ಮಾರ್ಚಿನ್ಯಾಗ ಮತ್ತ ಬರ್ಫಕ್ಕ ಇಳಿದು ವಿಶ್ವ ಕಂಚು ಗೆದ್ಳು. ಅಂಡಾಶಯದ ಕ್ಯಾನ್ಸರ್ ಮೊದಲನೇ ಹಂತದಾಗ ಸಿಕ್ಕಿತ್ತು ಅಂತ ಮೇ ತಿಂಗಳದಾಗ ತಾನ ಎಲ್ಲಾರ ಮುಂದ ಹೇಳಿದ್ಳು, ಬ್ಯಾರೆ ಹೆಂಗಸರು ಎಚ್ಚರಾಗಲಿ ಅಂತ. ನಮ್ಮಾಗ ಹೊಟ್ಟಿ ಉಬ್ಬರಿಸಿದ್ರ ಓಮಿನಕಾಳು, ಕೆಳಹೊಟ್ಟಿ ನೋವಾದ್ರ "ವಯಸ್ಸಾತು ಬಿಡ", ಅಲ್ಲಿಗೆ ಮುಗೀತು. ಸುಗ್ಗಿ ಮುಗೀಲಿ, ಮದವಿ ಮುಗೀಲಿ, ಆಮ್ಯಾಗ ತೋರಸೂಣು ಅಂತೀವಿ. ಪೈಪರಂದು ಮೊದಲನೇ ಹಂತದಾಗ ಸಿಕ್ಕಿತು, ಅದಕ್ಕ ಇವತ್ತೂ ಕುಣೀತಾಳ. ಆಕಿ ಇಲ್ಲದ ಪಾಲ್ ಒಬ್ಬನ ಆಡಾಕ ಬರೂದಿಲ್ಲ. ಮನಿಯಾಗೂ ಹಂಗ ಅನ್ನೂದನ್ನ ನಾವ ಮರೀತೀವಿ.

ಸೀರಿ ಉಡೂ ನಮಗ ತಿಳಿಯೂ ಕಥಿ ಇನ್ನೊಂದೈತಿ. 2018ರಾಗ ಪಪದಾಕಿಸಳ ಅಂಗಿ ಕೊರಳ ಹತ್ತಿರದ ಕೊಂಡಿ, ಕುಣಿತ ಸುರು ಆಗೂ ಹೊತ್ತಿಗೇ ಬಿಚ್ಚಿತು. ಸೆರಗಿನ ಪಿನ್ನು ಕಿತ್ರ ನಮ್ಮ ಜೀವ ಹೆಂಗ ಆಗತೈತಿ ಅನ್ನೂದು ನೆನಸ್ರಿ, ಅಲ್ಲಿ ಜಗತ್ತೆಲ್ಲಾ ನೋಡತಿತ್ತು. ಆಕಿ ನಿಲ್ಲಲಿಲ್ಲ, ಕಡೀತನಕ ಆಡಿದ್ಳು. ಆ ಸಲ ಬಂಗಾರ ತಪ್ಪಿದ್ದು ಒಂದು ಅಂಕಕ್ಕಿಂತ ಕಡಿಮಿ ಅಂತರದಾಗ. ಹಾನಿ ಇಬ್ಬರಿಗೂ ಒಂದ.

ಜೋಡಿ ಸಿಗೂದ ಇದರಾಗ ದೊಡ್ಡ ಸಂಕಟ. ಕಲಿಯೂ ಹುಡಿಗ್ಯಾರು ಭಾಳ, ಹುಡುಗರು ಕಡಿಮಿ. ಒಬ್ಬ ಚಲೋ ಹುಡುಗ ಬಿಟ್ಟು ಹೋದ್ರ ಹುಡಿಗಿ ಇಡೀ ಸಾಲು ಕುಂತುಬಿಡತಾಳ. ಪರದೇಶದ ಹುಡುಗನ್ನ ಹುಡಕತಾರ, ಊರು ಬಿಡತಾರ, ನಾಗರಿಕತ್ವ ಬದಲಿ ಮಾಡತಾರ. ನಮ್ಮಲ್ಲಿ ಈಗ ತಿರುವು ಮುರುವು ಆಗೇತಿ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಯಾವ ಕಡೆ ಹೋದ್ರೂ ಹೊಲಾ ಮಾಡೂ ಹುಡುಗಗ ಹೆಣ್ಣು ಕೊಡಾವ್ರಿಲ್ಲ. ಅಲ್ಲಿ ಹುಡುಗಿ ತಾಯಿ ಅಳತಾಳ, ಇಲ್ಲಿ ಹುಡುಗನ ತಾಯಿ. 2022ರಾಗ ಕೆನಡಾ ಸಂಸ್ಥೆಯವರು ತಮ್ಮ ದೇಶದ ಒಳಗಿನ ಸ್ಪರ್ಧೆಗೆ ನೇಮ ಬದಲಿ ಮಾಡಿದ್ರು. ಜೋಡಿ ಅಂದ್ರ ಇಬ್ಬರು ಆಟಗಾರರು, ಗಂಡು ಹೆಣ್ಣು ಅಂತ ಇಲ್ಲ. ನಮ್ಮ ಕೋಲಾಟದಾಗ ಇಬ್ಬರು ಹೆಣ್ಣಮಕ್ಕಳು ಎದುರಾಬದುರಾ ನಿಂತು ಕೋಲು ಹೊಡ್ಯೂದಿಲ್ಲೇನು? ಹಂಗ.

ನಮ್ಮ ದೇಶದಾಗ ಬರ್ಫದ ಮೈದಾನ ಕಡಿಮಿ. ಗಾಲಿ ಕಟಗೊಂಡು ನೆಲದ ಮ್ಯಾಲೆ ಆಡೂದು ಐತಿ. 2010ರ ಏಷ್ಯಾಡಿನ್ಯಾಗ ಹೈದರಾಬಾದಿನ ಅನೂಪ್ ಕುಮಾರ್ ಯಾಮಾ ಮತ್ತ ಅವನಿ ಪಾಂಚಾಲ್ ಜೋಡಿ ಗಾಲಿ ಸ್ಕೇಟಿಂಗಿನ್ಯಾಗ ಕಂಚು ತಂದಿತ್ತು. ನಮ್ಮ ಹುಡುಗರಿಗೂ ದಾರಿ ಇಲ್ಲ ಅಂತೇನಿಲ್ಲ.

ನನಗ ಈ ಆಟದಾಗ ಎಲ್ಲಾಕ್ಕಿಂತ ಹಿಡಿಸಿದ್ದು ಅಂಕ ಕೊಡೂ ಪದ್ಧತಿ. ಆತಗ ಇಷ್ಟು, ಆಕಿಗೆ ಇಷ್ಟು ಅಂತ ಇಲ್ಲ. ಇಬ್ಬರಿಗೂ ಕೂಡಿ ಒಂದ ಅಂಕ. ಒಬ್ಬರು ಬಿದ್ರ ಇಬ್ಬರದೂ ಕಡಿತ, ಒಬ್ಬರು ಎತ್ತಿದ್ರ ಇಬ್ಬರಿಗೂ ಮೆಚ್ಚುಗಿ. ಆಕಿನ್ನ ಎತ್ತಿದಾವ ಗಟ್ಟಿ ಅಂತ ಒಬ್ಬನಿಗೇ ಹೊಗಳಿಕಿ ಇಲ್ಲ, ಯಾಕಂದ್ರ ಮ್ಯಾಲೆ ಇದ್ದಾಕಿ ಮೈ ಹದದಾಗ ಹಿಡೀಲಿಲ್ಲಂದ್ರ ಎತ್ತಿದಾವನೂ ಬೀಳತಾನ. ಪಟ್ಟಿಯೊಳಗ ಇಬ್ಬರ ಹೆಸರೂ ಬಾಜೂಕ ಬಾಜೂಕ, ಹೆಣ್ಣಿನ ಹೆಸರು ಮೊದಲು.

ನಮ್ಮ ಹೊಲದ ಉತಾರ ತಗದು ನೋಡ್ರಿ, ಎಷ್ಟು ಮನಿಯಾಗ ಕಾಳು ಬಿಟ್ಟಾಕಿ ಹೆಸರೈತಿ? ಬಿತ್ತೂದು ಇಬ್ಬರು, ಕಳೆ ತಗಿಯೂದು ಆಕಿ, ಹತ್ತಿ ಬಿಡಸೂದು ಆಕಿ, ಬುತ್ತಿ ಕಟ್ಟೂದೂ ಆಕಿನ. ಆದ್ರ ರೈತ ಅಂದ್ರ ಒಬ್ಬಾತ. ಬ್ಯಾಂಕಿನವರು ಕರಿಯೂದು ಆತನ್ನ, ಬೆಳಿ ವಿಮಾ ಬರೂದು ಆತನ ಖಾತೆಗೆ. ಸಾಲಿನ್ಯಾಗ ಖಾಲಿ ಬಿದ್ರ ಮಾತ್ರ "ಕಾಳು ಬಿಟ್ಟಾಕಿ ಯಾರು?" ಅಂತ ಕೇಳತಾರ. ಜಗಳಾ ಮಾಡ್ರಿ ಅಂತ ನಾ ಹೇಳವಲ್ಲೆ. ಜಂಟಿ ಖಾತೆ ಮಾಡಸಾಕ ಬರತೈತಿ, ಉತಾರದಾಗ ಇಬ್ಬರ ಹೆಸರು ಕೂಡಸಾಕ ಬರತೈತಿ. ಹೊಸಾ ಸೊಸಿ ಬಂದ ಮನಿಯಾಗ ಸುರುವಾತಿಗೇ ಈ ಮಾತು ಎತ್ತಿದ್ರ ಛಲೋ.

11ನೇ ತಾರೀಖಿನ ಫ್ರೀ ಡಾನ್ಸ್ ನಮ್ಮ ಕಡೆ ನಡರಾತ್ರಿಗೆ ಬರತೈತಿ. ಕಡ್ಲಿ ಕೀಳೂ ದಣಿವಿನ್ಯಾಗ ಯಾರು ಎಚ್ಚರ ಇರತಾರ? ಮರುದಿನ ಮಧ್ಯಾಹ್ನ ನಾಕು ಮಂದಿ ಕೂಡಿ ನೋಡ್ರಿ. ಬಣ್ಣದ ಅಂಗಿ ಆಮ್ಯಾಗ ನೋಡೀರಂತ, ಮೊದಲು ಪಾದ ನೋಡ್ರಿ. ಕುಣಿತ ಮುಗಿದ ಮ್ಯಾಲೆ ಇಬ್ಬರೂ ಒಂದ ಬಾಕಿನ ಮ್ಯಾಲೆ ಕುಂತು ಅಂಕಕ್ಕ ಕಾಯತಾರಲ್ಲ, ಆವಾಗ ಅವರ ಮಾರಿನೂ ನೋಡ್ರಿ.