ಹಳಸಿದ ಎಣ್ಣೆ

ನಮ್ಮ ಮನೆಯ ಮಾರುತಿ 800 ಮತ ಹಾಕುವ ವಯಸ್ಸು ದಾಟಿ ಬಹಳ ದಿನವಾಯಿತು. ಅದಕ್ಕೆ ನಾನು ಏನೂ ಕಡಿಮೆ ಮಾಡಿದವನಲ್ಲ. ಸೀಟಿಗೆ ಎರಡು ಸಲ ಹೊಸ ಕವರು, ಬಾಗಿಲು ಅದುರುವಂಥ ಸ್ಪೀಕರು, ಹಿಂದಿನ ಗಾಜಿಗೆ ಉಳವಿ ಚೆನ್ನಬಸವಣ್ಣನ ಸ್ಟಿಕರು. ಹಾರ್ನನ್ನಂತೂ ಮೂರು ಸಲ ಬದಲಿಸಿದ್ದೇನೆ. ಹುಬ್ಬಳ್ಳಿಯ ದಟ್ಟಣೆಯಲ್ಲಿ ಹಾರ್ನೇ ಬ್ರೇಕು ಎಂದು ನಂಬಿದ್ದ ಕಾಲ ಅದು. ಆ ನಂಬಿಕೆ ಅರಬೈಲ್ ಘಟ್ಟದಲ್ಲಿ ಹೋಯಿತು.

ಗೋಕರ್ಣಕ್ಕೆ ಹೊರಟಿದ್ದೆವು. ನಾನು, ಹೆಂಡತಿ, ಅವ್ವ, ಅಣ್ಣನ ಮಗ. ಡಿಕ್ಕಿಯಲ್ಲಿ ಅವ್ವ ಕಟ್ಟಿದ ಬುತ್ತಿ. ಕಲಘಟಗಿ ದಾಟಿ, ಯಲ್ಲಾಪುರದಲ್ಲಿ ಚಹಾ ಕುಡಿದು, ಘಟ್ಟ ಇಳಿಯತೊಡಗಿದೆವು. ಪೆಟ್ರೋಲ್ ಉಳಿಸುವ ಜಾಣತನದಲ್ಲಿ ನಾಲ್ಕನೇ ಗೇರಿನಲ್ಲೇ, ಕಾಲನ್ನು ಬ್ರೇಕಿನ ಮೇಲಿಟ್ಟುಕೊಂಡೇ ಇಳಿಯುತ್ತಿದ್ದೆ. ಐದಾರು ತಿರುವು ಆಗಿರಬೇಕು, ಏನೋ ಸುಟ್ಟ ವಾಸನೆ ಬಂತು. "ಯಾರೋ ಹಂಚಿನ ಮ್ಯಾಲೆ ರೊಟ್ಟಿ ಮರತಾರ ನೋಡು" ಎಂದಳು ಅವ್ವ. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ, ನಾದಿದ ಹಿಟ್ಟಿನೊಳಗೆ ಕಾಲಿಟ್ಟಂತೆ ಮೆತ್ತಗೆ ಕೆಳಗಿಳಿಯಿತು. ಎದುರಿಗೆ ಲಾರಿ. ಮೂರು ನಾಲ್ಕು ಸಲ ಪಂಪ್ ಹೊಡೆದೆ, ಎರಡನೇ ಗೇರಿಗೆ ಜಗ್ಗಿದೆ, ಹ್ಯಾಂಡ್ ಬ್ರೇಕ್ ಎಳೆದೆ, ಚೆನ್ನಬಸವಣ್ಣನನ್ನೂ ಕರೆದೆ. ಇವುಗಳಲ್ಲಿ ಯಾವುದು ಕೆಲಸ ಮಾಡಿತೋ, ಲಾರಿಯ ಹಿಂದೆ ಬರೆದದ್ದನ್ನು ಓದುವಷ್ಟು ಹತ್ತಿರ ಹೋಗಿ ಕಾರು ನಿಂತಿತು. "ಮತ್ತೆ ಸಿಗೋಣ" ಎಂದು ಬರೆದಿತ್ತು.

ಅರ್ಧ ತಾಸು ರಸ್ತೆ ಬದಿಯಲ್ಲಿ ಕೂತು ಬುತ್ತಿ ಬಿಚ್ಚಿದೆವು. ಆಮೇಲೆ ನೋಡಿದರೆ ಪೆಡಲ್ ಏನೂ ಆಗದವರಂತೆ ಗಟ್ಟಿಯಾಗಿ ಕೂತಿದೆ. ರಾಮನಗುಳಿಯವರೆಗೆ ಎರಡನೇ ಗೇರಿನಲ್ಲಿ, ಆಕಳ ಹಿಂದೆ ನಡೆದಂತೆ ಇಳಿದೆವು.

ಊರಿಗೆ ಬಂದ ಮರುದಿನ ಗ್ಯಾರೇಜಿಗೆ ಒಯ್ದೆ. ಮಿಸ್ತ್ರಿ ಬಾನೆಟ್ ಎತ್ತಿ, ಬ್ರೇಕ್ ಆಯಿಲಿನ ಪುಟ್ಟ ಡಬ್ಬಿಯ ಮುಚ್ಚಳ ತಿರುವಿ, ಒಳಗೆ ನೋಡಿ, ನನ್ನ ಮುಖ ನೋಡಿದ. ಒಳಗಿದ್ದದ್ದು ಮೂರು ದಿನದ ಕಟ್ಟಿನ ಸಾರಿನ ಬಣ್ಣ.

"ಇದನ್ನ ಯಾವಾಗ ಬದ್ಲಿ ಮಾಡ್ಸೀರಿ, ಸರ?"

"ಕಡಿಮಿ ಆದಾಗೊಮ್ಮೆ ಹಾಕ್ತೀನಲ್ಲಪಾ."

"ಅದು ಬದ್ಲಿ ಮಾಡಿದ್ದಲ್ರೀ. ಹಳಸಿದ ಸಾರಿಗೆ ಹೊಸಾ ಸಾರು ಬೆರಸಿದಂಗ."

ಎಣ್ಣೆ ಎಂದು ಕರೆದರೂ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ. ಮಳೆಗಾಲದ ಉಪ್ಪಿನ ಹಾಗೆ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 3 ಎಂಬ ದರ್ಜೆಯದ್ದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೂರಕ್ಕೆ 3.7 ಪಾಲಿನಷ್ಟು ನೀರು ಸೇರಿತೋ, ಆ ಭರವಸೆ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ದ್ರವವನ್ನು ಅಮುಕಿದರೆ ಕುಗ್ಗುವುದಿಲ್ಲ. ಆದ್ದರಿಂದಲೇ ಕಾಲಿನ ಒತ್ತು ಗಾಲಿಗೆ ಮುಟ್ಟುತ್ತದೆ. ಕುದ್ದು ಆವಿಯಾದರೆ ಆ ಆವಿ ಮೊದಲು ಕುಗ್ಗುತ್ತದೆ, ನನ್ನ ಒತ್ತೆಲ್ಲ ಅದನ್ನು ಅಮುಕುವುದಕ್ಕೇ ಖರ್ಚು. ಆರಿದ ಮೇಲೆ ಆವಿ ಮತ್ತೆ ದ್ರವ. ಘಟ್ಟದಲ್ಲಿ ನಾವು ಬುತ್ತಿ ಉಣ್ಣುವಾಗ ನಡೆದ ಪವಾಡ ಇಷ್ಟೇ.

ಅಷ್ಟು ಬಿಸಿ ಎಲ್ಲಿಂದ ಬರುತ್ತದೆ? ಮೇಷ್ಟ್ರ ಚಟ, ಕೂತು ಲೆಕ್ಕ ಹಾಕಿದೆ. ಜನ ಕೂತ ನಮ್ಮ ಕಾರಿನ ತೂಕ ಸುಮಾರು 900 ಕಿಲೋ. 80ರ ವೇಗದಿಂದ ಒಮ್ಮೆ ನಿಲ್ಲಿಸಿದರೆ ಏಳು ಸಣ್ಣ ಕಪ್ ಚಹಾದ ನೀರು ಕುದಿಸುವಷ್ಟು ಶಾಖ. 40ರಿಂದಾದರೆ ಎರಡು ಕಪ್ಪಿಗೂ ಸಾಲದು. ವೇಗ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟು, ಬ್ರೇಕ್ ಹಿಡಿದ ಮೇಲೆ ನಿಲ್ಲುವ ದೂರವೂ ಹಾಗೆಯೇ. ಘಟ್ಟದ ಲೆಕ್ಕ ಇನ್ನೂ ಜೋರು. ಎಂಜಿನ್ನಿನ ಹಿಡಿತವಿಲ್ಲದೆ ಬರೀ ಬ್ರೇಕಿನಲ್ಲೇ 100 ಮೀಟರ್ ಎತ್ತರ ಇಳಿದರೆ ಹತ್ತಿರಹತ್ತಿರ ಮೂರು ಲೀಟರ್ ನೀರು ಕುದಿಯುವಷ್ಟು. ನಾಲ್ಕನೇ ಗೇರಿನ ನನ್ನ ಜಾಣತನ ಆ ನಾಲ್ಕು ಗಾಲಿಗಳಲ್ಲಿ ಮದುವೆ ಮನೆಯ ಚಹಾ ಇಟ್ಟಿತ್ತು.

ಅಣ್ಣನ ಮಗನಿಗೆ ಬ್ರೇಕಿನ ರಿಪೇರಿ ಎಂದರೆ ಹಬ್ಬ. "ಕಾಕಾ, ದೊಡ್ಡ ಡಿಸ್ಕ್ ಹಾಕ್ಸೂಣು, ತೂತು ಇದ್ದದ್ದು. ಕ್ಯಾಲಿಪರ್‌ಗೆ ಕೆಂಪು ಬಣ್ಣ." ರೇಸ್ ಕಾರುಗಳ ಫೋಟೊ ತೋರಿಸಿದ. ಆ ಆಸೆಗೆ ಇತಿಹಾಸದ ಬೆಂಬಲವೂ ಇದೆ. ಲ್ಯಾಂಚೆಸ್ಟರ್ ಎಂಬ ಇಂಗ್ಲಿಷ್ ಎಂಜಿನಿಯರ್ 1902ರಲ್ಲೇ ಡಿಸ್ಕ್ ಬ್ರೇಕಿನ ಪೇಟೆಂಟ್ ಪಡೆದಿದ್ದ. ಆದರೆ ಜಗತ್ತು ಅದನ್ನು ನಂಬಿದ್ದು, 1953ರ ಲಮಾನ್ ರೇಸಿನಲ್ಲಿ ಡಿಸ್ಕ್ ಹಾಕಿದ ಜಾಗ್ವಾರ್ ಗೆದ್ದ ಮೇಲೆ. ಮಿಸ್ತ್ರಿಗೆ ಜಾಗ್ವಾರ್ ಗೊತ್ತಿಲ್ಲ, 800 ಗೊತ್ತು. "ತಮ್ಮಾ, ಬ್ರೇಕು ನಿಲ್ಲಸೂದು ಗಾಲಿ. ಕಾರ್ ನಿಲ್ಲಸೂದು ಟೈರು. ನಿಮ್ಮ ಕಾಕಾನ ಟೈರ್ ನೋಡು, ನನ್ನ ತಲಿಗಿಂತ ನುಣ್ಣಗದಾವು" ಎಂದ. ಅವನ ತಲೆ ಪೂರ್ತಿ ಬೋಳು.

ಕೊನೆಗೆ ಮಾಡಿಸಿದ್ದು ಇಷ್ಟು. ಅದೇ ಅಳತೆಯ ಒಳ್ಳೆಯ ಟೈರು, ಒಳ್ಳೆಯ ಕಂಪನಿಯ ಪ್ಯಾಡು, ಹಿಂದಿನ ಡ್ರಮ್ಮಿಗೆ ಹೊಸ ಶೂ ಮತ್ತು ಅಡ್ಜಸ್ಟು, ಬಿರುಕು ಬಿಟ್ಟಿದ್ದ ರಬ್ಬರ್ ಪೈಪುಗಳ ಬದಲಿ, ಡಾಟ್ 4 ಎಣ್ಣೆ. ಇದೆಲ್ಲದರಲ್ಲಿ ಎಣ್ಣೆಯೇ ಅಗ್ಗ.

ಎಣ್ಣೆ ಬದಲಿಸುವುದನ್ನು ನೋಡಲು ನಾನು ಸ್ಟೂಲ್ ಹಾಕಿಕೊಂಡು ಕೂತೆ. ಹುಡುಗ ಒಳಗೆ ಪೆಡಲಿನ ಮೇಲೆ; ಮಿಸ್ತ್ರಿ ದೂರದ ಹಿಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ. ನಿಪ್ಪಲ್ಲಿಗೆ ಸಣ್ಣ ಪೈಪು, ಪೈಪಿನ ತುದಿ ಹಳೆಯ ಬಾಟಲಿಯೊಳಗೆ. "ಹೊಡಿ... ಹೊಡಿ... ಹಿಡಿ." ನಿಪ್ಪಲ್ ಸಡಿಲಿಸಿದ, ಕಪ್ಪು ನೀರು ಗುಳ್ಳೆಗಳ ಸಮೇತ ಬಾಟಲಿಗೆ ಬಂತು. ಬಿಗಿದ. "ಬಿಡು." ಮತ್ತೆ "ಹೊಡಿ." ನಡುವೆ ಡಬ್ಬಿ ಬರಿದಾಗದಂತೆ ನನ್ನ ಕೈಯಿಂದಲೇ ಹೊಸದನ್ನು ಸುರಿಸಿದ. ಕಪ್ಪು ಹೋಗಿ ಕಂದು, ಕಂದು ಹೋಗಿ ಕುಸುಬಿ ಎಣ್ಣೆಯ ತಿಳಿ ಬಣ್ಣ ಬರುವವರೆಗೆ ಒಂದೊಂದು ಗಾಲಿಗೂ ಇದೇ ಮಂತ್ರ.

ಕೂತಲ್ಲಿ ನನಗೆ ಅಜ್ಜ ನೆನಪಾದ. ನಮ್ಮದು ಹೆಬ್ಬಳ್ಳಿ, ಎರಿ ಹೊಲದ ಸಪಾಟು ಸೀಮೆ. ಅಲ್ಲಿ ಚಕ್ಕಡಿಗೆ ಬ್ರೇಕೇ ಬೇಕಿರಲಿಲ್ಲ, ಎತ್ತು ನಿಂತರೆ ಚಕ್ಕಡಿ ನಿಂತಂತೆ. ಆದರೆ ಭಾರತ ಹುಣ್ಣಿವೆಯ ಹೊತ್ತಿಗೆ ಉಳವಿ ಜಾತ್ರೆಗೆ ಹೊರಡಬೇಕು. ಮುಂದೆ ಕಾಡು, ಏರು, ಇಳುಕಲು. ಗಾಲಿಗಳ ಹಿಂದೆ ಅಡ್ಡ ಕಟ್ಟಿದ ಕಟ್ಟಿಗೆ, ಹಗ್ಗ ಎಳೆದರೆ ಅದು ಕಬ್ಬಿಣದ ಹಳಿಗೆ ಒತ್ತಿಕೊಳ್ಳುತ್ತಿತ್ತು. ಅಜ್ಜ ಹೊರಡುವ ಮುನ್ನಾದಿನ ಆ ಕಟ್ಟಿಗೆಗೆ ಹಳೆ ಲಾರಿ ಟೈರಿನ ತುಂಡು ಮೊಳೆ ಹೊಡೆದು ಕೂಡಿಸುತ್ತಿದ್ದ. "ಕಟಗಿ ಜಾರತೈತಿ, ರಬ್ಬರು ಹಿಡೀತೈತಿ" ಎನ್ನುತ್ತಿದ್ದ.

ಅಜ್ಜನಿಗಿಂತ ಮೊದಲು ಇದೇ ಕೆಲಸ ಮಾಡಿದವಳು ಜರ್ಮನಿಯ ಬೆರ್ಟಾ ಬೆಂಜ್. 1888ರ ಆಗಸ್ಟಿನಲ್ಲಿ, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಅವನು ಮಾಡಿದ ಮೂರು ಗಾಲಿಯ ಮೋಟಾರು ತೆಗೆದುಕೊಂಡು, ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಮನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟಳು. ಇಳುಕಲುಗಳಲ್ಲಿ ಬ್ರೇಕಿನ ಕಟ್ಟಿಗೆ ಸವೆದುಹೋಯಿತು. ದಾರಿಯ ಹಳ್ಳಿಯೊಂದರಲ್ಲಿ ಜೋಡು ಹೊಲಿಯುವವನನ್ನು ಕರೆದು ಅದಕ್ಕೆ ತೊಗಲು ಹೊಡೆಸಿದಳು. ಈಗ ಡಬ್ಬಿಯಲ್ಲಿ ಸಿಗುವ ಬ್ರೇಕ್ ಲೈನರಿನ ಮೂಲ ಅದು. ಹತ್ತು ವರ್ಷದೊಳಗೆ ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ, ಗುಡ್ಡದ ಗಾಡಿಯವರು ಬ್ರೇಕಿನ ಕಟ್ಟಿಗೆಗೆ ಹಳೆ ಬೂಟು ಬಡಿಯುವುದನ್ನು ಕಂಡು ಲೈನರಿನ ಧಂದೆಯನ್ನೇ ಶುರು ಮಾಡಿದನಂತೆ. ಆ ಕಂಪನಿಯ ಫೆರೋಡೊ ಎಂಬ ಹೆಸರು ಅವನ ಹೆಸರಿನ ಅಕ್ಷರಗಳನ್ನೇ ಹೆಣೆದು ಮಾಡಿದ್ದು. ಅಜ್ಜ ಧಂದೆ ಮಾಡಲಿಲ್ಲ, ಜಾತ್ರೆ ಮಾಡಿ ಬಂದ.

ಹುಬ್ಬಳ್ಳಿಯ ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಸೋದರಮಾವ ಈ ವಿಷಯಕ್ಕೆ ಸಿಕ್ಕರೆ ಬಿಡುತ್ತಿರಲಿಲ್ಲ. ಕ್ಯಾಸಲ್ ರಾಕ್‌ನಿಂದ ಕುಲೇಮ್‌ಗೆ ಇಳಿಯುವ ಘಟ್ಟದಲ್ಲಿ ಪ್ರತಿ 37 ಅಡಿಗೆ ಒಂದು ಅಡಿ ಇಳಿತ. ಬ್ರೇಕ್ ಪರೀಕ್ಷೆಯಾಗದೆ ಗಾಡಿ ಬಿಡುವ ಮಾತೇ ಇಲ್ಲ. "ನಮ್ಮ ಗಾಡಿ ಪೈಪ್ ಒಡದ್ರ ತಾನ ನಿಂದರತೈತಿ. ನಿಮ್ಮ ಕಾರಿನ ಪೈಪ್ ಒಡದ್ರ?" ಎಂದು ಕೇಳಿ ಮೀಸೆಯಲ್ಲಿ ನಗುತ್ತಿದ್ದ. ರೈಲಿನ ವೆಸ್ಟಿಂಗ್‌ಹೌಸ್ ಏರ್ ಬ್ರೇಕಿಗೆ ಆ ಬುದ್ಧಿ ಬಂದದ್ದು 1870ರ ದಶಕದ ಆರಂಭದಲ್ಲಿ. ಕಾರಿಗೆ ಬಂದಿಲ್ಲ.

ಹೊಸ ಪ್ಯಾಡನ್ನು ಹಾಕಿದ ಕೂಡಲೇ ನಂಬುವಂತಿಲ್ಲ, ಡಿಸ್ಕಿಗೆ ಹೊಂದಿಸಬೇಕು. "60ಕ್ಕ ಹೋಗ್ರಿ, 20ಕ್ಕ ಇಳಸ್ರಿ. ಪೂರಾ ನಿಲ್ಲಸಬ್ಯಾಡ್ರಿ. ಹತ್ತು ಸಲ" ಎಂದ ಮಿಸ್ತ್ರಿ. ಇದಕ್ಕೆ ಖಾಲಿ ರಸ್ತೆ ಬೇಕು. ಬೆಳಿಗ್ಗೆ ಆರಕ್ಕೆ ಧಾರವಾಡದ ಹೆಬ್ಬಳ್ಳಿ ಅಗಸಿ ದಾಟಿ ಊರ ದಾರಿ ಹಿಡಿದೆ. ಎರಡೂ ಕಡೆ ಎರಿ ಹೊಲ. ಹೋದೆ, ಒತ್ತಿದೆ, ಹೋದೆ, ಒತ್ತಿದೆ. ನಾಲ್ಕನೇ ಸಲದ ಹೊತ್ತಿಗೆ ಕಾಲಿನ ಕೆಳಗೆ ಕಲ್ಲಿನಂಥ ಗಟ್ಟಿ ಸಿಕ್ಕಿತು. ಬೆರಳಿನಷ್ಟು ಒತ್ತಿದರೆ ಬೆರಳಿನಷ್ಟೇ ಕಾರು ಹಿಡಿಯುತ್ತಿತ್ತು. ಹದಿನೈದು ವರ್ಷ ಅದನ್ನು ಓಡಿಸಿದ್ದರೂ ಈ ಬ್ರೇಕು ನನಗೆ ಗೊತ್ತೇ ಇರಲಿಲ್ಲ.

ಊರ ಹತ್ತಿರ ಬುತ್ತಿಗಂಟು ಹಿಡಿದು ಹೊಲಕ್ಕೆ ಹೊರಟ ಮುದುಕನೊಬ್ಬ ಇದನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದನೆಂದು ಕಾಣುತ್ತದೆ. ಕಾರು ಅವನ ಪಕ್ಕಕ್ಕೆ ಬಂದು ಒಂಬತ್ತನೇ ಸಲ ಮುಗ್ಗರಿಸಿದಾಗ ಕೈ ಅಡ್ಡ ಮಾಡಿದ.

"ತಮ್ಮಾ, ಹೋಗೂದಿದ್ರ ಹೋಗು, ನಿಲ್ಲೂದಿದ್ರ ನಿಲ್ಲು."

ನಿಲ್ಲಿಸಿ ಹತ್ತಿಸಿಕೊಂಡೆ. ಹತ್ತನೆಯದು ಉಳಿಯಿತು.

ನೀವೂ ನಾಳೆ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಬಾನೆಟ್ ಎತ್ತಿ ಆ ಪುಟ್ಟ ಡಬ್ಬಿಯೊಳಗೆ ಒಮ್ಮೆ ಇಣುಕಿರಿ. ಕಟ್ಟಿನ ಸಾರಿನ ಬಣ್ಣವಿದ್ದರೆ, ಅಥವಾ ಬದಲಿಸಿ ಎರಡು ವರ್ಷ ದಾಟಿದ್ದರೆ, ಗೋಕರ್ಣದ ಪ್ರವಾಸವನ್ನು ಒಂದು ದಿನ ಮುಂದಕ್ಕೆ ಹಾಕಿ ಮಿಸ್ತ್ರಿಯ ಕಡೆ ಹೋಗಿ ಬನ್ನಿ.